ಕುದುರೆ ಪಡೆ ಹೊಸಬರಿಗಲ್ಲ

ವಿದ್ಯಾನಗರ, ಶಿವಮೊಗ್ಗ
ಜನವರಿ 11, 2004

ಚಿ. ಪ್ರಿಯದರ್ಶಿನಿಗೆ ನಿನ್ನ ತಂದೆಯ ಆಶೀರ್ವಾದಗಳು.

ಲಕೋಟೆಯ ಮೇಲೆ ನನ್ನ ಅಕ್ಷರ ನೋಡಿ ನಿನಗೆ ಆಶ್ಚರ್ಯವಾಗಿರಬಹುದು. ಓದದೆ ಎತ್ತಿಟ್ಟರೂ ನನಗೆ ಬೇಸರವಿಲ್ಲ ಎಂದು ಬರೆಯಲು ಹೊರಟಿದ್ದೆ. ಅದು ಸುಳ್ಳು, ಬೇಸರವಾಗುತ್ತದೆ. ಆದ್ದರಿಂದ ಓದು.

ಹೋದ ವಾರ ಒಂದು ಜಮೀನಿನ ನಕ್ಷೆ ಪ್ರಿಂಟ್ ತೆಗೆಸಲು ಗೋಪಾಳದಲ್ಲಿ ಮಂಜಪ್ಪ ಎಂಬವರ ಕಂಪ್ಯೂಟರ್ ಸೆಂಟರಿಗೆ ಹೋಗಿದ್ದೆ. ಮುಂದುಗಡೆ ಜೆರಾಕ್ಸು, ಪ್ರಿಂಟು. ಪರದೆಯ ಹಿಂದೆ ಗೇಮ್ ಆಡುವ ಹುಡುಗರು. ನನ್ನ ನಕ್ಷೆ ಮಿಷನ್ನಿನೊಳಗೆ ಸಿಕ್ಕಿಕೊಂಡಿತು, ಕಾಯುತ್ತ ಕೂತೆ. ಒಳಗೆ ಒಬ್ಬ ಹೇಳುತ್ತಿದ್ದ: "ಭದ್ರಾವತಿ ನ್ಯೂ ಟೌನಲ್ಲಿ ಒಬ್ಳು ಹುಡುಗಿ ಇದಾಳೆ ಮಾರಾಯ. ಕುದುರೆ ಪಡೆ ತಗೊಂಡ್ಲು ಅಂದ್ರೆ ಮುಗೀತು. ನಾವು ಮೂರು ಜನ ಹೋಗಿದ್ವಿ, ಮೂರೂ ಜನಕ್ಕೆ ನೀರಿಳಿಸಿ ಕಳಿಸಿದ್ಲು." ಇನ್ನೊಬ್ಬ ಕೇಳಿದ, ಯಾರವಳು ಎಂದು. "ಕಂಪ್ಯೂಟರ್ ಕ್ಲಾಸ್ ನಡೆಸ್ತಾರಲ್ಲ, ಸುಮನಾ ಮೇಡಂ, ಅವರ ಮಗಳು."

ಪರದೆ ಸರಿಸಿ, ಅವಳು ನನ್ನ ಮಗಳು ಎಂದು ಹೇಳಬೇಕೆನಿಸಿತು. ಹೇಳಲಿಲ್ಲ. ಹೇಳಿದ್ದರೆ ಅವರು ನಿನ್ನ ಬಗ್ಗೆ ಇನ್ನೇನಾದರೂ ಕೇಳುತ್ತಿದ್ದರು, ನನಗೆ ಏನೂ ಗೊತ್ತಿರಲಿಲ್ಲ. ನೀನು ಎಷ್ಟೆತ್ತರ ಆಗಿದ್ದೀ ಎನ್ನುವುದೂ ಗೊತ್ತಿಲ್ಲ.

ಮಾರನೆಯ ದಿನ ಮತ್ತೆ ಹೋಗಿ, ಆ ಆಟ ನನಗೂ ಕಲಿಸಿ ಎಂದೆ. ಮಂಜಪ್ಪ ನನ್ನ ನರೆತ ತಲೆ ನೋಡಿ, "ನಿಮಗೇನಾ ಸಾರ್?" ಎಂದರು. ಊರು ಕಟ್ಟಿ, ಸೈನ್ಯ ಬೆಳೆಸಿ, ಎದುರಾಳಿಯ ಊರಿನ ಮೇಲೆ ಯುದ್ಧಕ್ಕೆ ಹೋಗುವ ಆಟವಂತೆ. ಕೂತ ಕೂಡಲೇ ಕಂಪ್ಯೂಟರ್ ಕೇಳಿದ್ದು ಒಂದೇ, ಯಾವ ಪಡೆ ಬೇಕು ಎಂದು. ಅದರಲ್ಲಿ ಉದ್ದುದ್ದ ಇಂಗ್ಲಿಷ್ ಹೆಸರುಗಳಿವೆ. ಹುಡುಗರು ಕೋಟೆ, ಕುದುರೆ, ಮಂತ್ರ ಎಂದಷ್ಟೇ ಕರೆಯುತ್ತಾರೆ. ನಿನ್ನದು ಕುದುರೆ ಎಂದು ಕೇಳಿದ್ದೆನಲ್ಲ, ಅದನ್ನೇ ಒತ್ತಿದೆ. ಕುದುರೆಗಳು ಎತ್ತಲೋ ಹೋದವು. ಸ್ವಲ್ಪ ಹೊತ್ತಿನಲ್ಲಿ ಸೋತೆ ಎಂದು ಬಂತು. ಯಾರು ಸೋಲಿಸಿದರು, ಎಲ್ಲಿಂದ ಬಂದರು, ಒಂದೂ ತಿಳಿಯಲಿಲ್ಲ.

ಹೊಸಬನಾದವನು ಯಾವ ಪಡೆ ತೆಗೆದುಕೊಳ್ಳಬೇಕು? ಬಿಡುವಾದಾಗ ಒಂದು ಸಾಲು ಬರೆ.

ಇತಿ ನಿನ್ನ ತಂದೆ,
ಪ್ರಸನ್ನಕುಮಾರ್


ನ್ಯೂ ಟೌನ್, ಭದ್ರಾವತಿ
ಫೆಬ್ರವರಿ 2, 2004

ಪ್ರಸನ್ನಕುಮಾರ್ ಅವರಿಗೆ ನಮಸ್ಕಾರ.

ನಿಮ್ಮ ಪತ್ರವನ್ನು ಅಮ್ಮ ಒಡೆಯದೆ ನನ್ನ ಮೇಜಿನ ಮೇಲಿಟ್ಟಿದ್ದಳು. "ಉತ್ತರ ಬರೀಬೇಕು ಅನ್ಸಿದ್ರೆ ಬರಿ, ಬೇಡ ಅನ್ಸಿದ್ರೆ ಬಿಡು. ನನ್ನನ್ನ ಮಾತ್ರ ಕೇಳ್ಬೇಡ" ಎಂದಳು. ಮೂರು ವಾರ ಬಿಟ್ಟಿದ್ದೆ. ಈಗ ಬರೆಯುತ್ತಿರುವುದು ಆಟದ ವಿಷಯ ಕೇಳಿದ್ದೀರಿ ಎಂಬ ಒಂದೇ ಕಾರಣಕ್ಕೆ. ಬೇರೆ ಏನಾದರೂ ಕೇಳಿದ್ದರೆ ಬರೆಯುತ್ತಿರಲಿಲ್ಲ.

ಕುದುರೆ ಪಡೆ ಹೊಸಬರಿಗಲ್ಲ. ಅದಕ್ಕೆ ಗೋಡೆಯಿಲ್ಲ, ನೆಲೆಯಿಲ್ಲ, ಬರೀ ಡೇರೆ, ಓಡುತ್ತಲೇ ಇರಬೇಕು. ಒಂದೇ ಸಮಯದಲ್ಲಿ ನಾಲ್ಕು ಕಡೆ ಕಣ್ಣಿಡಬೇಕು. ಮಂತ್ರದವರು ಅದಕ್ಕಿಂತ ಕಷ್ಟ; ಇರುವುದೇ ಬೆರಳೆಣಿಕೆಯ ಜನ, ಒಬ್ಬ ಸತ್ತರೂ ಆಟ ಕೆಟ್ಟಿತು. ನೀವು ಕೋಟೆ ತೆಗೆದುಕೊಳ್ಳಿ. ಕೋಟೆಯವರು ನಿಧಾನ. ಹುಡುಗರು ಅದನ್ನು ಮುದುಕರ ಪಡೆ ಎಂದು ನಗುತ್ತಾರೆ, ನಗಲಿ. ಕೋಟೆಯಲ್ಲಿ ಸೋತರೆ ಎಲ್ಲಿ ತಪ್ಪಿತು ಎಂದು ಗೊತ್ತಾಗುತ್ತದೆ. ಗೋಡೆ ಇಲ್ಲಿ ಒಡೆಯಿತು, ಅಕ್ಕಿ ಇಲ್ಲಿ ಮುಗಿಯಿತು ಎಂದು ಕಣ್ಣಿಗೇ ಕಾಣುತ್ತದೆ. ಹೊಸಬರಿಗೆ ಗೆಲ್ಲುವ ಪಡೆ ಬೇಕಾಗಿಲ್ಲ, ಯಾಕೆ ಸೋತೆವು ಎಂದು ತಿಳಿಯುವ ಪಡೆ ಬೇಕು.

ಇನ್ನು, ಆ ಮೂವರು ಹುಡುಗರಿಗೆ ನಾನು ನೀರಿಳಿಸಲಿಲ್ಲ. ಅವರೇ ಸರಿಯಾಗಿ ಆಡಲಿಲ್ಲ.

ಎತ್ತರ ಅಮ್ಮನಿಗಿಂತ ಸ್ವಲ್ಪ ಹೆಚ್ಚು.

ಎಸ್.ಎಸ್.ಎಲ್.ಸಿ. ಪರೀಕ್ಷೆ ಹತ್ತಿರ ಬಂತು. ಹೆಚ್ಚು ಬರೆಯಲು ಸಮಯವಿಲ್ಲ.

ಇತಿ,
ಪ್ರಿಯದರ್ಶಿನಿ ಎಸ್.


ವಿದ್ಯಾನಗರ
ಫೆಬ್ರವರಿ 9, 2004

ಚಿ. ಪ್ರಿಯದರ್ಶಿನಿಗೆ ಆಶೀರ್ವಾದಗಳು.

ನಿನ್ನ ಪತ್ರ ಆಫೀಸಿಗೆ ಬಂದಿತ್ತು. ಅದನ್ನು ಜೇಬಿನಲ್ಲಿಟ್ಟುಕೊಂಡು ಊಟ ಮಾಡಿ, ಆಮೇಲೆ ಓದಿದೆ. ಮೊದಲೇ ಓದಿದ್ದರೆ ಊಟ ಸೇರುತ್ತಿರಲಿಲ್ಲವೇನೋ ಎಂಬ ಭಯ.

ನೀನು ಹೇಳಿದ ಹಾಗೆ ಕೋಟೆ ತೆಗೆದುಕೊಂಡೆ. ನಾನು ಸರ್ವೆಯರ್ ಅಲ್ಲವೇ, ಯಾವ ಜಮೀನಿಗೆ ಹೋದರೂ ಮೊದಲು ಹದ್ದುಬಸ್ತು ನೋಡಿ ಗಡಿಯ ಬಾಂದುಕಲ್ಲು ಹುಡುಕುವುದು ಅಭ್ಯಾಸ. ಇಲ್ಲಿಯೂ ಹಾಗೇ ಮಾಡಿದೆ. ಇದ್ದ ಕಲ್ಲನ್ನೆಲ್ಲ ಸುರಿದು ಊರ ಸುತ್ತ ಗೋಡೆ ಎಬ್ಬಿಸಿದೆ. ಮೂಲೆ ಮೂಲೆ ಕೂಡಿಸಿ, ಎಲ್ಲೂ ಒಂದಿಂಚು ಬಿಡದೆ. ನೋಡಲು ಬಹಳ ಚೆನ್ನಾಗಿತ್ತು. ಆಮೇಲೆ ಸೌದೆ ತರಲು ಜನರನ್ನು ಕಳಿಸಿದೆ. ಅವರು ಗೋಡೆಯ ಹತ್ತಿರ ಹೋಗಿ ನಿಂತರು. ಮತ್ತೆ ಕಳಿಸಿದೆ, ಮತ್ತೆ ನಿಂತರು. ಕಂಪ್ಯೂಟರ್ ಕೆಟ್ಟಿದೆ ಎಂದು ಮಂಜಪ್ಪನವರನ್ನು ಕರೆದೆ. ಅವರು ಸ್ವಲ್ಪ ಹೊತ್ತು ನೋಡಿ, "ಸಾರ್, ಬಾಗ್ಲು ಎಲ್ಲಿ ಇಟ್ಟೀರಿ?" ಎಂದರು.

ಬಾಗಿಲು ಇಟ್ಟಿರಲಿಲ್ಲ. ಬಾಗಿಲು ಮಾಡಲು ಸೌದೆ ಬೇಕು, ಸೌದೆ ಗೋಡೆಯ ಆಚೆ ಇದೆ. ಎದುರಾಳಿ ಬರುವ ಮೊದಲೇ ನನ್ನ ಜನ ಒಳಗೆ ಹಸಿದು ಕೂತರು. ಸುತ್ತ ಆಡುತ್ತಿದ್ದ ಹುಡುಗರೆಲ್ಲ ಎದ್ದು ಬಂದು ನೋಡಿದರು. ಇಂಥ ಸೋಲು ಅವರೂ ಕಂಡಿರಲಿಲ್ಲವಂತೆ.

ಆದರೆ ನಿನ್ನ ಮಾತು ನಿಜ. ಯಾಕೆ ಸೋತೆ ಎಂದು ಚೆನ್ನಾಗಿ ತಿಳಿಯಿತು.

ಪರೀಕ್ಷೆಗೆ ಓದು. ಇದಕ್ಕೆ ಉತ್ತರ ಬರೆಯಲೇಬೇಕೆಂದಿಲ್ಲ.

ಇತಿ ನಿನ್ನ ತಂದೆ,
ಪ್ರಸನ್ನಕುಮಾರ್


ನ್ಯೂ ಟೌನ್
ಫೆಬ್ರವರಿ 20, 2004

ಅಪ್ಪನಿಗೆ,

ಬಾಗಿಲಿಲ್ಲದ ಕೋಟೆಯ ಪತ್ರ ಓದಿ ನಕ್ಕುಬಿಟ್ಟೆ. ಅಮ್ಮ ಅಡುಗೆಮನೆಯಿಂದ ಏನೇ ಅದು ಎಂದಳು. ಏನಿಲ್ಲ ಎಂದೆ. ಆದರೆ ರಾತ್ರಿ ಚಪಾತಿ ಲಟ್ಟಿಸುತ್ತ, "ಗೋಡೆ ಕಟ್ಟೋದ್ರಲ್ಲಿ ಅವರು ಮೊದ್ಲಿಂದ ಶಾಣ್ಯಾರು" ಎಂದಳು. ಹಾಗಾದರೆ ಅವಳೂ ಓದಿದ್ದಾಳೆ.

ನಿಮ್ಮ ಆಟ ಹೇಗಿದೆ ಎಂದು ಪತ್ರದಿಂದ ತಿಳಿಯುವುದಿಲ್ಲ. ಆಟ ಮುಗಿದ ಮೇಲೆ ಅದನ್ನು ರೆಕಾರ್ಡ್ ಮಾಡಿ ಇಡಬಹುದು, ಮಂಜಪ್ಪನವರನ್ನು ಕೇಳಿ. ಒಂದು ಫ್ಲಾಪಿಗೆ ಹಾಕಿಸಿ, ಎರಡು ರಟ್ಟಿನ ನಡುವೆ ಇಟ್ಟು ಪೋಸ್ಟ್ ಮಾಡಿ. ಇಲ್ಲಿ ಹಾಕಿದರೆ ನೀವು ಆಡಿದ್ದೆಲ್ಲ ಮೊದಲಿಂದ ಕೊನೆಯವರೆಗೆ ನನಗೆ ಕಾಣುತ್ತದೆ. ಪರೀಕ್ಷೆ ಮುಗಿದ ಮೇಲೆ ನೋಡುತ್ತೇನೆ.

ಒಂದು ಮಾತು ಕೇಳಬೇಕು. ಈ ವಯಸ್ಸಿನಲ್ಲಿ ಇದನ್ನು ಯಾಕೆ ಕಲಿಯುತ್ತಿದ್ದೀರಿ? ನಿಜ ಹೇಳಿ. ನನ್ನ ಜೊತೆ ಆಡುವವರು ಯಾರೂ ಉಳಿದಿಲ್ಲ. ಸಂಜೆ ಕ್ಲಾಸು ಮುಗಿದ ಮೇಲೆ ಅಮ್ಮನ ವಿದ್ಯಾರ್ಥಿಗಳು ಆಡುತ್ತಿದ್ದರು. ಸೋತವರು ಮೌಸ್ ಸರಿಯಿಲ್ಲ ಎನ್ನುತ್ತಾರೆ, ಕರೆಂಟು ಸರಿಯಿಲ್ಲ ಎನ್ನುತ್ತಾರೆ, ಆಮೇಲೆ ಬರುವುದು ಬಿಡುತ್ತಾರೆ. ಹುಡುಗಿಯ ಕೈಲಿ ಸೋಲುವುದು ಅವರಿಗೆ ಅವಮಾನ. ಹುಡುಗಿಯರಿಗೆ ಈ ಆಟವೇ ಬೇಡ. ಆರು ಕಂಪ್ಯೂಟರ್ ಇವೆ, ಐದು ಆರಿಸಿಟ್ಟು ಒಂದರಲ್ಲಿ ನಾನೇ ಆಡುತ್ತೇನೆ. ಕಂಪ್ಯೂಟರ್ ಜೊತೆ ಆಡಿ ಗೆದ್ದರೆ ಖುಷಿಯಾಗುವುದಿಲ್ಲ.

ಇತಿ,
ಪ್ರಿಯದರ್ಶಿನಿ


ವಿದ್ಯಾನಗರ
ಮಾರ್ಚ್ 7, 2004

ಚಿ. ಪ್ರಿಯದರ್ಶಿನಿಗೆ ಆಶೀರ್ವಾದಗಳು.

ಇದರ ಜೊತೆ ಫ್ಲಾಪಿ ಇದೆ. ರಟ್ಟಿನ ಮೇಲೆ 'ಮಡಚಬೇಡಿ' ಎಂದು ಎರಡೂ ಕಡೆ ಬರೆದಿದ್ದೇನೆ. ಈಗ ಬಾಗಿಲು ಇಡುವುದನ್ನು ಕಲಿತಿದ್ದೇನೆ.

ಯಾಕೆ ಕಲಿಯುತ್ತಿದ್ದೀರಿ ಎಂದು ಕೇಳಿದ್ದೀ. ನಿಜ ಹೇಳಿ ಎಂದೂ ಬರೆದಿದ್ದೀ. ನಿನ್ನ ಜೊತೆ ಮಾತಾಡಲು ನನ್ನ ಹತ್ತಿರ ಏನೂ ಇರಲಿಲ್ಲ ಮಗಳೇ. ಹೇಗಿದ್ದೀ, ಊಟ ಆಯಿತಾ, ಓದು ಹೇಗೆ ನಡೆದಿದೆ. ಇಷ್ಟನ್ನು ಯಾರು ಬೇಕಾದರೂ ಕೇಳಬಹುದು. ಅದಕ್ಕೆ ಮೂರು ಮಾತಿನ ಉತ್ತರ ಬರುತ್ತದೆ, ಅಲ್ಲಿಗೆ ಮುಗಿಯುತ್ತದೆ. ನಿನಗೆ ಇಷ್ಟವಾದದ್ದು ಒಂದು ನನಗೂ ಗೊತ್ತಿದ್ದರೆ ನಾಲ್ಕು ಮಾತು ಹೆಚ್ಚಿಗೆ ಆಡಬಹುದು ಎಂದುಕೊಂಡೆ. ಅಷ್ಟೇ.

ನಾನಿರುವುದು ಒಂದು ಮನೆಯ ಮಹಡಿ ಮೇಲಿನ ರೂಮಿನಲ್ಲಿ. ಕೆಳಗಡೆ ಮನೆಯ ಯಜಮಾನಿ ಮಹಾಂತಮ್ಮ ಇದ್ದಾರೆ, ಒಳ್ಳೆಯವರು. ಹಬ್ಬದ ದಿನ ಹೋಳಿಗೆ ಕೊಡುತ್ತಾರೆ, ತಟ್ಟೆ ವಾಪಸು ಕೊಡುವಾಗ ನಾಲ್ಕು ಬಾಳೆಹಣ್ಣು ಇಟ್ಟು ಕೊಡುತ್ತೇನೆ. ಆ ತಟ್ಟೆಯ ನೆಪದಲ್ಲಿ ಆಡುವ ಮಾತೇ ನನ್ನ ಮನೆಮಾತು. ಆಫೀಸಿನಲ್ಲಿ ಎಲ್ಲರೂ ಜಗಳಕ್ಕೆ ಬಂದವರೇ, ಅಣ್ಣತಮ್ಮಂದಿರು ಬದು ಒತ್ತಿದ್ದಾರೆ ಎಂದು. ಈಗ ಸಂಜೆಯಾದರೆ ಗೋಪಾಳಕ್ಕೆ ನಡೆಯುತ್ತೇನೆ. ಹುಡುಗರು, "ಬನ್ನಿ ಅಂಕಲ್, ಕೋಟೆ ರೆಡಿ ಇದೆ" ಎನ್ನುತ್ತಾರೆ. ಬನ್ನಿ ಎನ್ನುವವರು ಇದ್ದಾರೆ ಎಂಬುದೇ ದೊಡ್ಡದು.

ಚೆನ್ನಾಗಿ ಬರೆ. ಪರೀಕ್ಷೆಯ ದಿನ ಹಾಲ್ ಟಿಕೆಟ್ ಮರೆಯಬೇಡ.

ಇತಿ ನಿನ್ನ ತಂದೆ,
ಪ್ರಸನ್ನಕುಮಾರ್


ನ್ಯೂ ಟೌನ್
ಏಪ್ರಿಲ್ 18, 2004

ಅಪ್ಪನಿಗೆ,

ಪರೀಕ್ಷೆ ಮುಗಿಯಿತು. ಗಣಿತ ಚೆನ್ನಾಗಿ ಆಗಿದೆ, ಹಿಂದಿ ದೇವರಿಗೆ ಬಿಟ್ಟದ್ದು.

ಫ್ಲಾಪಿ ನೋಡಿದೆ. ಒಂದಲ್ಲ, ಮೂರು ಸಲ. ನಿಮ್ಮ ಗದ್ದೆ ಚೆನ್ನಾಗಿದೆ, ಕಣಜ ತುಂಬಿದೆ, ಮನೆಗಳನ್ನು ಸಾಲಾಗಿ ಕಟ್ಟಿದ್ದೀರಿ. ಸೈನ್ಯವೂ ದೊಡ್ಡದಿದೆ. ಆದರೆ ಆ ಸೈನ್ಯ ಬಾಗಿಲ ಒಳಗೆ ಶಾಲೆಯ ಪ್ರೇಯರ್‌ಗೆ ನಿಂತ ಹಾಗೆ ನಿಂತಿದೆ. ಒಬ್ಬನೂ ಹೊರಗೆ ಕಾಲಿಡುವುದಿಲ್ಲ. ಎದುರಾಳಿಯ ಊರು ಎಲ್ಲಿದೆ ಎಂದು ಕೂಡ ನೀವು ನೋಡಲಿಲ್ಲ. ಅವರು ಬರಲಿ ಎಂದು ಕಾದಿರಿ. ಅವರು ಬಂದರು, ಗೋಡೆ ಒಡೆದರು. ಕೋಟೆ ತೆಗೆದುಕೊಳ್ಳಿ ಎಂದರೆ ಕೋಟೆಯಲ್ಲೇ ಕೂತಿರಿ ಎಂದರ್ಥವಲ್ಲ.

ಈಗ ಆಟದ ವಿಷಯವಲ್ಲದ್ದನ್ನು ಬರೆಯುತ್ತೇನೆ. ಅಮ್ಮನಿಗೆ ದಾವಣಗೆರೆಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ಕೆಲಸ ಸಿಕ್ಕಿದೆ. ಇಲ್ಲಿ ಕಾರ್ಖಾನೆಯ ಕ್ವಾರ್ಟರ್ಸ್‌ಗಳು ಖಾಲಿಯಾಗುತ್ತಿವೆ, ಕ್ಲಾಸಿಗೆ ಬರುವವರೇ ಇಲ್ಲ. ಮೇ ತಿಂಗಳ ಕೊನೆಗೆ ಹೊರಡುತ್ತೇವೆ. ಕಂಪ್ಯೂಟರ್‌ಗಳನ್ನು ಮಾರುತ್ತಾಳೆ. ಅವು ಹೋದರೆ ನಾವಿಬ್ಬರೂ ಎದುರುಬದುರು ಆಡುವುದು ಆಗುವುದಿಲ್ಲ.

ನೀವು ಬಂದು ಆಡುತ್ತೀರಾ? ಶಿವಮೊಗ್ಗದಿಂದ ಇಲ್ಲಿಗೆ ಬಸ್ಸು ಎಷ್ಟು ಹೊತ್ತು ಎಂದು ನಿಮಗೆ ಗೊತ್ತು. ಅಷ್ಟು ಹತ್ತಿರದಲ್ಲಿದ್ದು ನೀವು ಬಂದದ್ದು ಎರಡು ದೀಪಾವಳಿಗೆ. ಎರಡೂ ಸಲ ಗೇಟಿನ ಹತ್ತಿರವೇ ನಿಂತು ಬಟ್ಟೆಯ ಕವರ್ ಕೊಟ್ಟು ಹೋದಿರಿ. ಮೂರನೆಯ ದೀಪಾವಳಿಗೆ ನಾನು ಗೇಟಿನ ಹತ್ತಿರ ಸಂಜೆಯವರೆಗೂ ಇದ್ದೆ.

ಇತಿ,
ಪ್ರಿಯದರ್ಶಿನಿ


ವಿದ್ಯಾನಗರ
ಮೇ 2, 2004

ಚಿ. ಪ್ರಿಯದರ್ಶಿನಿಗೆ ಆಶೀರ್ವಾದಗಳು.

ಈಗ ಸರ್ವೆ ಕೆಲಸ ಜಾಸ್ತಿ, ಮಳೆ ಹಿಡಿಯುವ ಮೊದಲು ಅಳತೆ ಮುಗಿಸಬೇಕು, ರಜೆ ಕೊಡುವುದಿಲ್ಲ ಎಂದು ಒಂದು ಪುಟ ಬರೆದು ಹರಿದು ಹಾಕಿದೆ. ನಿನಗೆ ನೆಪ ಹೇಳಿ ಪ್ರಯೋಜನವಿಲ್ಲ.

ನಿನ್ನ ಅಮ್ಮ ಮತ್ತು ನಾನು ಬೇರೆಯಾಗುವುದು ಎಂದು ತೀರ್ಮಾನವಾದಾಗ ಎರಡೂ ಕಡೆಯ ಹಿರಿಯರು ನಿಮ್ಮ ಉಜ್ಜನಪ್ಪಜ್ಜನ ಮನೆಯ ಜಗಲಿಯಲ್ಲಿ ಕೂತಿದ್ದರು. ನಿನಗೆ ಎಂಟು ವರ್ಷ. ಅಜ್ಜ ನಿನ್ನನ್ನು ನಡುವೆ ನಿಲ್ಲಿಸಿ, "ಯಾರ ಹತ್ರ ಇರ್ತೀಯವ್ವ?" ಎಂದು ಕೇಳಿದರು. ನೀನು ಒಂದು ಕ್ಷಣವೂ ಯೋಚಿಸದೆ ಅಮ್ಮ ಎಂದೆ. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಒಳಗೆ ಓಡಿಹೋದೆ. ಅದರಲ್ಲಿ ನಿನ್ನ ತಪ್ಪಿದೆ ಎಂದು ನಾನು ಯಾವತ್ತೂ ಅಂದುಕೊಂಡಿಲ್ಲ, ಮಗು ಮನಸ್ಸಿನಲ್ಲಿದ್ದದ್ದನ್ನು ಹೇಳಿತು. ಆದರೆ ಅದನ್ನು ಕೇಳಿದ ಮೇಲೆ ನಿನ್ನ ಮುಂದೆ ಬಂದು ನಿಲ್ಲಲು ನನಗೆ ಧೈರ್ಯ ಬರಲಿಲ್ಲ. ಬೇಡ ಎಂದವರ ಮನೆಯ ಗೇಟು ದಾಟುವುದು ಹೇಗೆ?

ಅಲ್ಲಿಗೆ ಬಂದರೆ ನಿನ್ನ ಅಮ್ಮನಿಗೂ ಕಸಿವಿಸಿ. ದಾವಣಗೆರೆಗೆ ಹೋದ ಮೇಲೂ ಪತ್ರ ಬರೆಯುತ್ತಿರು. ನನಗೆ ಅಷ್ಟು ಸಾಕು.

ಇತಿ ನಿನ್ನ ತಂದೆ,
ಪ್ರಸನ್ನಕುಮಾರ್


ನ್ಯೂ ಟೌನ್
ಮೇ 8, 2004

ಅಪ್ಪನಿಗೆ,

ನನಗೆ ಅಷ್ಟು ಸಾಕಾಗುವುದಿಲ್ಲ.

ಹದಿನೈದನೇ ತಾರೀಕು ಶನಿವಾರ, ಮಧ್ಯಾಹ್ನ ಊಟ ಮುಗಿಸಿ ಬನ್ನಿ. ಕಂಪ್ಯೂಟರ್ ಕೊಂಡವರು ಭಾನುವಾರ ಗಾಡಿ ತರುತ್ತಾರೆ. ಅಮ್ಮನನ್ನು ಕೇಳಿದೆ. "ಬರ್ಲಿ. ಕಾಫಿ ಮಾಡ್ಕೊಡ್ತೀನಿ. ಮಾತಾಡು ಅಂತ ಮಾತ್ರ ಹೇಳ್ಬೇಡ" ಎಂದಳು. ಇನ್ನು ನಿಮಗೆ ಕಸಿವಿಸಿಯ ನೆಪವೂ ಇಲ್ಲ.

ನಾನು ಕುದುರೆಯನ್ನೇ ಆಡುತ್ತೇನೆ. ಬಿಟ್ಟುಕೊಡುವುದಿಲ್ಲ. ನೀವೂ ಬಿಟ್ಟುಕೊಡಬಾರದು.

ಪ್ರಿಯದರ್ಶಿನಿ


ವಿದ್ಯಾನಗರ
ಮೇ 17, 2004

ಪ್ರೀತಿಯ ಮಗಳಿಗೆ,

ಶನಿವಾರ ನಿಮ್ಮ ಮನೆಯಿಂದ ಹೊರಟವನು ಬಸ್‌ಸ್ಟ್ಯಾಂಡಿನಲ್ಲಿ ತುಂಬಾ ಹೊತ್ತು ಕೂತಿದ್ದೆ. ಬಸ್ಸುಗಳು ಬಂದು ಹೋಗುತ್ತಿದ್ದವು. ಹತ್ತಿದರೆ ಆ ದಿನ ಮುಗಿದುಹೋಗುತ್ತದೆ ಎನ್ನಿಸಿ ಹತ್ತಲಿಲ್ಲ.

ನಿನ್ನನ್ನು ನೋಡಿದ ಕೂಡಲೇ ಏನಾದರೂ ಹೇಳಬೇಕು ಎಂದು ಬಸ್ಸಿನುದ್ದಕ್ಕೂ ಜೋಡಿಸಿಕೊಂಡು ಬಂದಿದ್ದೆ. ನೀನು ಬಾಗಿಲು ತೆಗೆದು, "ಮೂರನೇ ಕಂಪ್ಯೂಟರ್ ನಿಮ್ಮದು" ಎಂದೆ. ನಾನು ಸರಿ ಎಂದೆ. ಒಬ್ಬರ ಬೆನ್ನಿಗೆ ಒಬ್ಬರು ಬೆನ್ನು ಮಾಡಿ ಕೂತೆವು. ನಿನ್ನ ಕೈ ಓಡುವ ಸದ್ದು ಹಿಂದಿನಿಂದ ಕೇಳುತ್ತಿತ್ತು. ನಿನ್ನ ಅಮ್ಮ ಕಾಫಿ ತಂದಿಟ್ಟು ಹೋದಳು. ನನಗೀಗ ಸಕ್ಕರೆ ಕಾಯಿಲೆ, ಅವಳಿಗೆ ಗೊತ್ತಿಲ್ಲ. ಮೊದಲಿನ ಹಾಗೆ ಎರಡು ಚಮಚ ಹಾಕಿದ್ದಳು. ಪೂರ್ತಿ ಕುಡಿದೆ.

ಸೋತ ಮೇಲೆ ನೀನು ಕೇಳಿದೆ, "ಇರೋ ಸೈನ್ಯನೆಲ್ಲ ಯಾಕೆ ಹೊರಗೆ ತಂದ್ರಿ? ಕೋಟೆ ಖಾಲಿ ಬಿಡ್ತಾರಾ ಯಾರಾದ್ರೂ?" ಎಂದು. ನಾನು ತಪ್ಪಾಯಿತು ಎಂದೆ. ನೀನು, "ಬೇಕಂತಲೇ ಸೋತ್ರಿ" ಎಂದು ಮುಖ ತಿರುಗಿಸಿದೆ. ಬೇಕೆಂದು ಸೋತದ್ದಲ್ಲ, ನಂಬು. ಆಟದಲ್ಲಿ ನಮ್ಮವರು ಹೋದ ಕಡೆ ಮಾತ್ರ ನೆಲ ಕಾಣುತ್ತದೆ, ಉಳಿದದ್ದೆಲ್ಲ ಕಪ್ಪು. ಕೋಟೆಯಲ್ಲಿ ಕೂತರೆ ನಿನ್ನ ಕಡೆಯದು ಏನೂ ಕಾಣುವುದಿಲ್ಲ. ನಿನ್ನ ಊರು ಹೇಗಿದೆ ಎಂದು ನೋಡಬೇಕೆನ್ನಿಸಿತು. ಒಬ್ಬನನ್ನು ಕಳಿಸಿದ್ದರೆ ಸಾಕಿತ್ತು. ಹೊಸಬನಲ್ಲವೇ, ಎಲ್ಲರನ್ನೂ ಕರೆದುಕೊಂಡು ಬಂದುಬಿಟ್ಟೆ.

ನಿನ್ನ ಡೇರೆಗಳು ಚೆನ್ನಾಗಿದ್ದವು.

ಇನ್ನು ಮೇಲೆ ಗೋಪಾಳಕ್ಕೆ ಹೋಗುವುದು ಬಿಡುತ್ತೇನೆ ಎಂದುಕೊಂಡಿದ್ದೇನೆ. ಯಾರ ಜೊತೆ ಆಡಬೇಕೆಂದು ಕಲಿತೆನೋ ಅವರ ಜೊತೆ ಆಡಿದ್ದಾಯಿತು. ನೀನು ದಾವಣಗೆರೆಯಲ್ಲಿ ಹೊಸ ಗೆಳತಿಯರನ್ನು ಮಾಡಿಕೊ. ಹಳೆಯದನ್ನೆಲ್ಲ ಹೊತ್ತುಕೊಂಡು ಹೋಗಬೇಡ. ನೀನು ಅಂದು ಆರಿಸಿದ್ದು ಸರಿಯಾಗಿತ್ತು. ನಿನ್ನ ಅಮ್ಮ ನಿನ್ನನ್ನು ಚೆನ್ನಾಗಿ ಬೆಳೆಸಿದ್ದಾಳೆ, ಅದನ್ನು ಕಣ್ಣಾರೆ ಕಂಡು ಬಂದೆ.

ಇತಿ ನಿನ್ನ,
ಅಪ್ಪ


ದಾವಣಗೆರೆ
ಜೂನ್ 6, 2004

ಅಪ್ಪ,

ಹೊಸ ಮನೆಯ ವಿಳಾಸ ಲಕೋಟೆಯ ಹಿಂದೆ ಇದೆ. ಸಾಮಾನು ಇನ್ನೂ ಅರ್ಧ ಕಟ್ಟಿದ್ದು ಕಟ್ಟಿದ ಹಾಗೇ ಇದೆ. ಇಲ್ಲಿ ನನಗೆ ಯಾರೂ ಗೊತ್ತಿಲ್ಲ. ಕಿಟಕಿಯಲ್ಲಿ ನೋಡಿದರೆ ಪಕ್ಕದ ಮನೆಯ ನೀರಿನ ಟ್ಯಾಂಕು ಕಾಣುತ್ತದೆ, ಅಷ್ಟೇ.

ಅವತ್ತು ನಾನು ಕೋಪ ಮಾಡಿಕೊಂಡದ್ದು ನೀನು ಸೋತದ್ದಕ್ಕಲ್ಲ. ನಿನ್ನ ಸೈನ್ಯ ನನ್ನ ಊರಿನ ಮುಂದೆ ಬಂತು. ಯುದ್ಧಕ್ಕೆ ಬಂದರು ಎಂದುಕೊಂಡು ಕುದುರೆಗಳನ್ನೆಲ್ಲ ಹಿಂದಿನಿಂದ ನಿನ್ನ ಕೋಟೆಗೆ ನುಗ್ಗಿಸಿದೆ. ಅವರು ಬಂದವರು ಸುಮ್ಮನೆ ನಿಂತರು. ಒಂದು ಬಾಣವನ್ನೂ ಬಿಡಲಿಲ್ಲ. ಅದನ್ನು ನಾನು ನೋಡುವಷ್ಟರಲ್ಲಿ ನಿನ್ನ ಮನೆಗಳೆಲ್ಲ ಉರಿದುಹೋಗಿದ್ದವು. ನಿಲ್ಲಿಸಲು ಆಗಲಿಲ್ಲ. ಅದಕ್ಕೆ ಮುಖ ತಿರುಗಿಸಿದ್ದು, ಅಳು ಬಂದಿತ್ತು.

ಗೋಪಾಳಕ್ಕೆ ಹೋಗುವುದು ಬಿಡಬೇಡ. ಆಮೇಲೆ, ನಾನು ಆರಿಸಿದ್ದು ಸರಿಯಾಗಿತ್ತು ಎಂದು ಇನ್ನೊಂದು ಸಲ ಬರೆಯಬೇಡ. ನಾನು ನಿನ್ನನ್ನು ಬೇಡ ಎಂದವಳಲ್ಲ. ಜಗಲಿಯಲ್ಲಿ ಅಜ್ಜ ಕೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಅಮ್ಮ ಎಂದೆ, ನಿಜ. ಒಬ್ಬರ ಹೆಸರು ಹೇಳಿದರೆ ಇನ್ನೊಬ್ಬರು ಹೋಗುತ್ತಾರೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಅಷ್ಟು ಜನ ದೊಡ್ಡವರಿದ್ದರು, ಒಬ್ಬರೂ ಹೇಳಲಿಲ್ಲ. ನೀನೂ ಹೇಳಲಿಲ್ಲ.

ಒಳಗೆ ಓಡಿದ್ದು ಯಾಕೆ ಗೊತ್ತಾ? ಮನೆ ತುಂಬ ನೆಂಟರಿದ್ದರು, ರಾತ್ರಿ ಮಲಗಲು ಕಿಟಕಿಯ ಹತ್ತಿರದ ಜಾಗ ಬೇರೆಯವರು ಹಿಡಿದುಬಿಡುತ್ತಾರೆ ಎಂದು. ಕಲ್ಲಮ್ಮಜ್ಜಿಯನ್ನು ಕಾಡಿ ಹಾಸಿಗೆ ಇಳಿಸಿಕೊಂಡು ಅಲ್ಲಿ ಮೂವರಿಗೂ ಹಾಸಿದೆ, ನಡುವೆ ನನ್ನದು. ಹೊರಗೆ ನಿನ್ನ ಸ್ಕೂಟರ್ ಸದ್ದಾಯಿತು. ಪೆಟ್ರೋಲ್ ಹಾಕಿಸಲು ಹೋಗಿರಬೇಕು ಎಂದುಕೊಂಡೆ. ನಿನ್ನ ಜಾಗದಲ್ಲಿ ಯಾರಾದರೂ ಮಲಗಿಬಿಡುತ್ತಾರೆ ಎಂದು ಅದರ ಮೇಲೆ ಕೈ ಚಾಚಿಕೊಂಡು ಮಲಗಿದ್ದೆ.

ನಿನ್ನ,
ಪುಟ್ಟಿ